ಜಟಕಾ ಕುರಿ ಮತ್ತು ನನ್ನ ಷಡ್ಡಕ

ಅವನು ಸತ್ತ ಮರುದಿನ ಬೆಳಿಗ್ಗೆಯೇ ಊರಬಾಗಿಲಲ್ಲಿ ಫ್ಲೆಕ್ಸ್ ಎದ್ದಿತ್ತು. ‘ಮತ್ತೆ ಹುಟ್ಟಿ ಬಾ ಅಣ್ಣ’ ಅಂತ ದಪ್ಪ ಅಕ್ಷರ. ಮೂಲೆಯಲ್ಲೆಲ್ಲೋ ಸ್ಟಾಂಪಿನಷ್ಟು ಅವನ ಮುಖ. ನಟ್ಟನಡುವೆ ಕೈಮುಗಿದು ನಿಂತಿದ್ದವನು ಲೇಔಟ್ ಮಂಜ, ಕೊರಳಲ್ಲಿ ದನದ ಹಗ್ಗದಷ್ಟು ದಪ್ಪನೆಯ ಚಿನ್ನದ ಸರ, ಹೆಗಲ ಮೇಲೆ ಕೇಸರಿ ಶಾಲು. ಗೊತ್ತಿಲ್ಲದವರು ನೋಡಿದರೆ ಸತ್ತವನು ಮಂಜನೇ ಅಂದುಕೊಳ್ಳಬೇಕು. ಅಂದುಕೊಂಡರೆ ಅಂದುಕೊಳ್ಳಲಿ, ನನಗೇನೂ ಬೇಜಾರಿಲ್ಲ. ಬದುಕಿದ್ದಾಗ ಅವನ ಮೇಲೆ ಪೊಲೀಸ್ ದೂರು ಕೊಟ್ಟವನು ಇದೇ ಮಂಜ. ಡೈರಿ ಕೆಲಸದಿಂದ ತೆಗೆಸಬೇಕು ಅಂತ ಮನೆಮನೆ ತಿರುಗಿ ಸಹಿ ಹಾಕಿಸಿಕೊಂಡವನೂ ಇದೇ ಮಂಜ. ಈಗ ಮತ್ತೆ ಹುಟ್ಟಿ ಬರಬೇಕಂತೆ. ಥೂ.

ಹಾಗಂತ ನನ್ನನ್ನು ಅವನ ಅಭಿಮಾನಿ ಅಂತ ತಿಳಿಯಬೇಡಿ. ನನಗೂ ಅವನಿಗೂ ಎಣ್ಣೆ ಸೀಗೆಕಾಯಿ. ಅವನು ನನ್ನ ಷಡ್ಡಕ. ಅವನು ಅಕ್ಕನನ್ನು ಮದುವೆಯಾದ, ನಾನು ತಂಗಿಯನ್ನು. ಒಂದೇ ಮನೆಯ ಇಬ್ಬರು ಅಳಿಯಂದಿರು ಹೇಗಿರುತ್ತಾರೆ ಅಂತ ಹೇಳಬೇಕಾಗಿಲ್ಲ. ಮಾವನ ಮನೆಯಲ್ಲಿ ಹಬ್ಬಕ್ಕೆ ಸೇರಿದಾಗಲೆಲ್ಲ ಅವನ ಬಾಯಿಗೆ ನಾನೇ ಉಪ್ಪಿನಕಾಯಿ. ಹೊಸಕೋಟೆಯಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. “ಷಡ್ಡಕ್ರು ಮೊಳೆ ಮಾರಿ ಮಾರಿ ಮುಖಾನೂ ಹಂಗೇ ಮಾಡ್ಕೊಂಡವ್ರೆ, ಮುಟ್ಟಿದ್ರೆ ಚುಚ್ಚುತ್ತೆ” ಅಂತ ಅತ್ತೆಯ ಮುಂದೆ, ನಾದಿನಿಯರ ಮುಂದೆ, ಹೊಸದಾಗಿ ಬಂದ ಸೊಸೆಯಂದಿರ ಮುಂದೆ ಹೇಳೋನು. ಎಲ್ಲರೂ ನಗೋರು, ನನ್ನ ಹೆಂಡತಿಯೂ ಸೇರಿ. ಸತ್ತವರನ್ನು ಬಹುವಚನದಲ್ಲಿ ಕರೆಯಬೇಕಂತೆ. ನಾನು ಕರೆಯುವುದಿಲ್ಲ.

ಪಿಲ್ಲಗುಂಪೆಯ ಕಾರ್ಖಾನೆಗಳನ್ನು ದಾಟಿದರೆ ಸಿಗುವ ಊರು ಅವನದು. ಅಲ್ಲಿನ ಹಾಲಿನ ಡೈರಿಗೆ ಅವನು ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಊರಿಗೆ ಊರೇ ಕ್ಯಾನು, ಚೊಂಬು ಹಿಡಿದು ಅವನ ಮುಂದೆ ಸಾಲು ನಿಲ್ಲಬೇಕು. ಇಂಥ ಬಾಯಿಯವನಿಗೆ ಇಂಥ ಜಾಗ ಸಿಕ್ಕಿದ್ದೇ ಅನ್ಯಾಯ. ಹಾಲಿಗೆ ಡಿಗ್ರಿ ನೋಡುವ ಮೀಟರ್ ಇಳಿಬಿಟ್ಟು, ಕಣ್ಣು ಕಿರಿದು ಮಾಡಿ, “ಯಾಕೆ ಗೌಡ್ರೇ, ನಿಮ್ಮ ಹಸು ನಿನ್ನೆ ಕೆರೇಲಿ ಮುಳುಗಿತ್ತಾ?” ಅಂತ ಕೇಳೋನು. ಹಾಲು ವಾಪಸ್ಸು ಬಂದೀತು ಅಂತ ಯಾರೂ ತಿರುಗಿ ಮಾತಾಡುವಂತಿಲ್ಲ. ರಾಜಕೀಯದವರು ಬಂದು ಭಾಷಣ ಮಾಡಿ ಹೋದರೆ, “ಡಿಗ್ರಿ ಬರ್ಲಿಲ್ಲ ಕಣ್ರಪ್ಪ, ಪೂರಾ ನೀರು” ಅನ್ನೋದು. ಆ ಊರಿನಲ್ಲಿ ಈಗಲೂ ಸುಳ್ಳು ಹೇಳಿದವನಿಗೆ ‘ನಿನ್ನ ಮಾತಿಗೆ ಡಿಗ್ರಿ ಬರ್ತಿಲ್ಲ’ ಅನ್ನುತ್ತಾರೆ.

ದೇವರು ದಿಂಡರ ವಿಷಯದಲ್ಲೂ ಅವನ ನಾಲಿಗೆಗೆ ಬೇಲಿ ಇರಲಿಲ್ಲ. ನಾನು ವಾಸ್ತುವಿನವನ ಮಾತು ಕೇಳಿ ಕಕ್ಕಸಿನ ಗೋಡೆ ಒಡೆಸಿ, ಬಾಗಿಲು ತಿರುಗಿಸಿದ್ದೆ. ಗೃಹಪ್ರವೇಶಕ್ಕೆ ಬಂದವನು ಮನೆಯೆಲ್ಲ ಸುತ್ತಿ ನಡುಮನೆಯಲ್ಲಿ ನಿಂತು, “ಲಕ್ಷ್ಮಿ ಯಾವ ಕಡೆಯಿಂದ ಬರ್ತಾಳೆ ಅಂತ ಗೊತ್ತಾಯ್ತು ಷಡ್ಡಕ್ರೇ, ಅರ್ಜೆಂಟ್ ಆದ್ರೆ ನೀವು ಯಾವ ಕಡೆಯಿಂದ ಓಡ್ತೀರ?” ಅಂದ. ಪುರೋಹಿತರೂ ನಕ್ಕುಬಿಟ್ಟರು. ಆವತ್ತಿನಿಂದ ನಾನು ಅವನ ಜೊತೆ ಒಂದು ವರ್ಷ ಮಾತು ಬಿಟ್ಟೆ. ಅವನಿಗೆ ಅದು ಗೊತ್ತೇ ಆಗಲಿಲ್ಲ. ಒಬ್ಬನೇ ಮಾತಾಡಿಕೊಂಡು ಆರಾಮಾಗಿದ್ದ.

ಸಾಬರ ಕಡೆಯವರನ್ನೂ ಬಿಡುತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಊರಿಗೆ ಕುರಿ ಕುಯ್ಯಲು ಬರುತ್ತಿದ್ದ ಬಾಷಾ ನನ್ನ ಅಂಗಡಿಯ ಹಿಂದಿನ ಗಲ್ಲಿಯವನು, ಅಲ್ಲೇ ಅವನ ಮಟನ್ ಸ್ಟಾಲು. ಒಂದು ಯುಗಾದಿಗೆ ಇವನು ಅವನಿಗೆ ಹೋಳಿಗೆ ತಂದುಕೊಟ್ಟ. ಎಲ್ಲಿಂದಲೋ ಬಂದಿದ್ದ ಒಬ್ಬ ಗಡ್ಡದ ಸಾಹೇಬರು, ಬೇರೆಯವರ ಹಬ್ಬದ್ದು ತಿನ್ನಬಾರದು, ಪಾಪ ಬರುತ್ತೆ ಅಂತ ಬಾಷಾನನ್ನು ಗದರಿಸುತ್ತಿದ್ದರು. ಇವನು ಬಹಳ ಗೌರವದಿಂದ ಕೈಮುಗಿದು, “ಈ ಹೋಳಿಗೆ ಯಾವ ಪೂಜೇನೂ ಮಾಡಿಲ್ಲ ಸಾಹೇಬ್ರೇ. ಪಾಪದ್ದು, ಸುಮ್ನೆ ಹೆಂಚಿನ ಮೇಲೆ ಮಲಗಿತ್ತು” ಅಂದ. ಸಾಹೇಬರು ಉರಿದುಬಿದ್ದು ಹೋದರು. ಬಾಷಾ ನಗು ತಡೆಯಲಾಗದೆ ಅಂಗಡಿಯೊಳಕ್ಕೆ ಓಡಿದ.

ಇನ್ನು ಆ ಹೊಸತೊಡಕಿನ ವಿಷಯ. ಯುಗಾದಿಯ ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಯುಗಾದಿ ಮರೆತರೂ ಹೊಸತೊಡಕು ಮರೆಯುವವರಿಲ್ಲ. ವರ್ಷವಿಡೀ ಚೀಟಿ ಕಟ್ಟಿ ಕುರಿ ತಂದು, ಹುಣಸೆತೋಪಿನಲ್ಲಿ ಕುಯ್ದು, ಗುಡ್ಡೆ ಹಾಕಿ ಪಾಲು ಹಂಚಿಕೊಳ್ಳುತ್ತಾರೆ. ಕುಯ್ಯುವವನು ಬಾಷಾ. ಅವನಿಗೆ ಮುಂಚೆ ಅವನಪ್ಪ, ಅದಕ್ಕೂ ಮುಂಚೆ ಅವನ ತಾತ. ಬಾಷಾ ಬೆಳಗಿನ ಜಾವ ಬಂದು ತನ್ನ ಪಾಡಿಗೆ ಪ್ರಾರ್ಥನೆ ಹೇಳಿ, ಕುಯ್ದು, ಸುಲಿದು, ಕೂಲಿ ಮತ್ತು ಚರ್ಮ ತಗೊಂಡು ಹೊರಡೋನು. ‘ಆವಾಗ ಅಣ್ಣತಮ್ಮಂದಿರ ಹಾಗಿದ್ವಿ’ ಅಂತ ಈಗ ಎಲ್ಲರೂ ಕಣ್ಣು ತೇವ ಮಾಡಿಕೊಳ್ಳುತ್ತಾರೆ. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾವ ಅಣ್ಣ ತನ್ನ ತಮ್ಮನನ್ನು ತೋಪಿನಲ್ಲೇ ಕೈ ತೊಳೆಸಿ ವಾಪಸ್ಸು ಕಳಿಸುತ್ತಾನೆ? ಒಬ್ಬನಾದರೂ ಮನೆಗೆ ಕರೆದು ಎಲೆ ಹಾಕಿದ್ದನೇ?

ಆ ವರ್ಷ ಮಂಜ ಹೊಸದಾಗಿ ಸಂಘಟನೆ ಸೇರಿದ್ದ. ಅಲ್ಲಿಯವರೆಗೆ ಅವನ ಧರ್ಮ ಅಂದರೆ ಸೈಟು, ದೇವರು ಅಂದರೆ ಸಬ್‌ರಿಜಿಸ್ಟ್ರಾರು. ಯುಗಾದಿ ಹತ್ತಿರ ಬಂದಾಗ ಅರಳಿಕಟ್ಟೆಯ ಮುಂದೆ ಅವನ ಹುಡುಗರು ಫ್ಲೆಕ್ಸ್ ಕಟ್ಟಿದರು: ‘ಹೊಸತೊಡಕಿಗೆ ಹಲಾಲ್ ಬೇಡ. ಜಟ್ಕಾ ಮಾಂಸವನ್ನೇ ತಿನ್ನೋಣ, ಧರ್ಮ ಉಳಿಸೋಣ.’ ಬಾಷಾ ಊರಿಗೆ ಕಾಲಿಟ್ಟರೆ ಕಾಲು ಮುರಿಯುತ್ತೇವೆ ಅಂತ ಬಾಯಲ್ಲಿ ಬೇರೆ ಸಾರಿಕೊಂಡು ತಿರುಗಿದರು. ಊರಿನವರು ಒಬ್ಬರೂ ಉಸಿರೆತ್ತಲಿಲ್ಲ. ಎಲ್ಲರಿಗೂ ಒಂದೊಂದು ಸೈಟಿನ ಆಸೆ.

ನಮ್ಮ ಕಡೆ ಜಟಕಾ ಅಂದರೆ ಕುದುರೆಗಾಡಿ. ಬಸ್ಸು ಬರುವ ಮುಂಚೆ ಸಂತೆಗೆ ಜನ ಓಡಾಡುತ್ತಿದ್ದದ್ದು ಅದರಲ್ಲೇ, ಓಡಿಸುತ್ತಿದ್ದವರು ಸಾಬರೇ. ಮಾರನೇ ಬೆಳಿಗ್ಗೆ ಡೈರಿಯಲ್ಲಿ ಸಾಲು ತುಂಬಿದ್ದಾಗ ಇವನು ಹಾಲು ಅಳೆಯುತ್ತಲೇ, ತಲೆ ಎತ್ತದೆ, ಅಲ್ಲೇ ನಿಂತಿದ್ದ ಮಂಜನನ್ನು ಕೇಳಿದ.

“ಮಂಜಣ್ಣಾ, ಕುದುರೆ ಎಷ್ಟಕ್ಕೆ ತಂದ್ರಿ?”

“ಯಾವ ಕುದುರೆ?”

“ಅದೇ ಕಣಪ್ಪ, ಫ್ಲೆಕ್ಸಲ್ಲಿ ಹಾಕ್ಸಿದೀರಲ್ಲ, ಜಟ್ಕಾ ಮಾಂಸ ಅಂತ. ಗಾಡಿ ಎಳೆದೂ ಎಳೆದೂ ಗಟ್ಟಿಯಾಗಿರ್ತದೆ. ಕುಕ್ಕರಲ್ಲಿ ಎಷ್ಟು ವಿಷಲ್ ಕೂಗಿಸ್ಬೇಕು ಅಂತಾನೂ ಬರೆಸ್ಬಿಟ್ಟಿದ್ರೆ ಹೆಣ್ಮಕ್ಕಳಿಗೆ ಅನುಕೂಲ ಆಗ್ತಿತ್ತು.”

ಸಾಲಿನಲ್ಲಿದ್ದ ಕೆಂಪಜ್ಜಿ, ಊರಿಗೆಲ್ಲ ಹಿರಿಯಳು, ಚೊಂಬು ಕೆಳಗಿಟ್ಟಳು. “ಕುದ್ರೇನಾ! ನಿನ್ ಬಾಯಿಗ್ ಮಣ್ ಹಾಕ, ಕುದ್ರೆ ತಿನ್ನೋ ಕುಲವೇನ್ಲಾ ಮಂಜ ನಮ್ದು?”

“ಅಯ್ಯೋ ಅಜ್ಜಿ, ಕುದ್ರೆ ಅಲ್ಲ! ಜಟ್ಕಾ ಅಂದ್ರೆ ಒಂದೇ ಏಟಿಗೆ ಕುಯ್ಯೋದು!”

“ಯಾವೂರ ಮಾತ್ಲಾ ಅದು?”

“ಆ ಕಡೆದು... ಉತ್ತರದ ಕಡೆದು.”

“ನೋಡಜ್ಜಿ,” ಅಂದ ಇವನು, “ನಮ್ಮ ಧರ್ಮ ಉಳಿಸೋಕೆ ನಮ್ಮ ಭಾಷೇಲಿ ಪದ ಸಾಲ್ದೆ ಬಾಡಿಗೆಗೆ ತಂದವ್ರೆ ಪಾಪ.”

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಸುತ್ತಲ ಹಳ್ಳಿಗೆಲ್ಲ ಹರಡಿತು. ಮಂಜನ ಕಡೆಯವರು ಹೊಸತೊಡಕಿಗೆ ಕುದುರೆ ಕುಯ್ಯುತ್ತಾರಂತೆ! ನನ್ನ ಅಂಗಡಿಗೆ ಬಂದ ಪ್ಲಂಬರ್ ಕೂಡ ಕೇಳಿದ, “ನಿಮ್ ಷಡ್ಕರ ಊರಲ್ಲಿ ಕುದ್ರೆ ಬಿರಿಯಾನಿಯಂತೆ ಗುರು?” ಮಂಜ ಕೆಟ್ಟದಾಗಿ ಕೆರಳಿ, ಆಟೋಗೆ ಮೈಕ್ ಕಟ್ಟಿಸಿ, ‘ಇದು ಕುರಿ ಮಾಂಸ, ಕುದುರೆ ಮಾಂಸ ಅಲ್ಲ’ ಅಂತ ಬೀದಿಬೀದಿಯಲ್ಲಿ ಕೂಗಿಸಿದ. ಅಲ್ಲ ಅಂತ ಮೈಕಿನಲ್ಲಿ ಕೂಗಿದ ಮೇಲೆ ಯಾರು ನಂಬುತ್ತಾರೆ? ಅಷ್ಟು ಹೊತ್ತು ಸುಮ್ಮನಿದ್ದವರಿಗೂ ಅನುಮಾನ ಬಂತು.

ಹೊಸತೊಡಕಿನ ದಿನ ತೋಪಿನಲ್ಲಿ ಜಾತ್ರೆ. ಒಂದೇ ಏಟಿಗೆ ಕುಯ್ಯುವವನು ಅಂತ ಬೆಂಗಳೂರಿನಿಂದ ಯಾವನೋ ಒಬ್ಬನನ್ನು ಮಂಜ ಕಾರಿನಲ್ಲಿ ಕರೆಸಿದ್ದ. ಕತ್ತಿ ಹೊಸದು, ಕವರಿನಿಂದ ಆಗತಾನೆ ತೆಗೆದದ್ದು. ಕೈಯಲ್ಲಿ ಹಿಡಿದು ಮೊದಲು ಫೋಟೋ ತೆಗೆಸಿಕೊಂಡರು. ಆಮೇಲೆ ಅವನು ಬೀಸಿದ. ಕುರಿ ಪಕ್ಕಕ್ಕೆ ಸರಿಯಿತು, ಕತ್ತಿ ಹೋಗಿ ಹುಣಸೆಬೇರಿಗೆ ಕಚ್ಚಿಕೊಂಡಿತು. ಕಲ್ಲುಬೆಂಚಿನ ಮೇಲೆ ಕಾಲು ಮಡಿಸಿ ಕೂತಿದ್ದ ನನ್ನ ಷಡ್ಡಕ ಗಂಟಲು ಸರಿಮಾಡಿಕೊಂಡು, “ಮರ ಜಟ್ಕಾ ಆಯ್ತು” ಅಂದ. ಕತ್ತಿ ಕೀಳುವುದರಲ್ಲಿ ಕುರಿ ಹಗ್ಗ ಬಿಡಿಸಿಕೊಂಡು ಕೆರೆಯ ಕಡೆ ಓಡಿತು. ಶಾಲು ಹಾಕಿಕೊಂಡ ಹುಡುಗರೆಲ್ಲ ಅದರ ಹಿಂದೆ. “ನೋಡ್ರಪ್ಪ, ಇಷ್ಟು ದಿನ ಇವರ ಹಿಂದೆ ಕುರಿಗಳು ಹೋಗ್ತಿದ್ವು. ಇವತ್ತು ಕುರಿ ಹಿಂದೆ ಇವರು” ಅಂದ ಇವನು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಂಪಜ್ಜಿಯಂತೂ ನೆಲಕ್ಕೆ ಕೂತುಬಿಟ್ಟಳು. ನಗು ನಿಂತಾಗ ಚೀಟಿಯವರಿಗೆ ಹಸಿವು ನೆನಪಾಯಿತು. ಬಾಷಾನ್ನೇ ಕರೀರಿ ಅಂದರು. ಇವನೇ ಸ್ಕೂಟರಿನಲ್ಲಿ ಹೋಗಿ ಕೂರಿಸಿಕೊಂಡು ಬಂದ. ಬಾಷಾ ಯಾರ ಮುಖವನ್ನೂ ನೋಡದೆ ಕೆಲಸ ಮುಗಿಸಿದ.

ನನ್ನ ಷಡ್ಡಕನನ್ನು ಠಾಣೆಗೆ ಕರೆದರು. ಧಾರ್ಮಿಕ ಭಾವನೆಗೆ ಧಕ್ಕೆ ಅಂತ ಮಂಜನ ದೂರು. ವ್ಯಾಪಾರದ ಹೊತ್ತಿನಲ್ಲಿ ಅಂಗಡಿ ಮುಚ್ಚಿ ನಾನು ಹೋಗಬೇಕಾಯಿತು. ದಾರಿಯುದ್ದಕ್ಕೂ ಬೈದೆ. “ಅಲ್ಲಿ ಬಾಯಿ ಮುಚ್ಕೊಂಡು ತಪ್ಪಾಯ್ತು ಅನ್ನು ಭಾವ, ಮುಗೀತದೆ” ಅಂತ ಹೇಳಿಕೊಟ್ಟೆ. ಆಯ್ತು ಅಂದ. ಸಬ್‌ಇನ್ಸ್‌ಪೆಕ್ಟರು, “ಏನ್ರೀ ಅಂದಿದ್ದು ನೀವು?” ಅಂತ ಗದರಿಸಿದರು.

“ಕುದುರೆ ಎಷ್ಟಕ್ಕೆ ತಂದ್ರಿ ಅಂತ ಕೇಳ್ದೆ ಸಾ.”

“ಭಾವನೆಗೆ ನೋವಾಗಿದೆ ಅಂತಾರೆ. ಕ್ಷಮೆ ಕೇಳ್ತೀರೋ ಇಲ್ವೋ?”

“ಕೇಳ್ತೀನಿ ಸಾ. ಕುದುರೆ ಎಲ್ಲೈತೆ ತೋರ್ಸಿ, ಈಗ್ಲೇ ಕೇಳ್ತೀನಿ.”

ಸಬ್‌ಇನ್ಸ್‌ಪೆಕ್ಟರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ನಾನು ಅವನನ್ನು ಅಲ್ಲೇ ಒದೆಯಬೇಕಿತ್ತು.

ನಕ್ಕಿದ್ದು ಸಾಕು. ಆಮೇಲಿನದ್ದು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಆ ವಾರವೇ ಬಾಷಾ ಸಂತೆಯಿಂದ ಬರುವಾಗ ದಾರಿಯಲ್ಲಿ ಅಡ್ಡಹಾಕಿ ಹೊಡೆದರು. ಕೈ ಮುರಿಯಿತು. ಸ್ಟಾಲಿನ ಶಟರ್ ಬಗ್ಗಿಸಿ ಹಾಕಿದರು. ಮುಖಕ್ಕೆ ಬಟ್ಟೆ ಕಟ್ಟಿದ್ದರಂತೆ, ಯಾರು ಅಂತ ಗೊತ್ತಿಲ್ಲವಂತೆ. ಊರಿನ ನಾಯಿಗಳಿಗೂ ಗೊತ್ತಿತ್ತು.

ಕೈಗೆ ಪಟ್ಟಿ ಹಾಕಿಸಿಕೊಂಡು ಬಾಷಾ ಹೊಸ ಬೀಗ ಕೊಳ್ಳಲು ನನ್ನ ಅಂಗಡಿಗೆ ಬಂದಾಗ ಇವನೂ ಅಲ್ಲೇ ಇದ್ದ. ಮಂಜನ ಬಗ್ಗೆ ಏನೋ ಹೊಸ ತಮಾಷೆ ಶುರು ಮಾಡಿದ. ಬಾಷಾ ನಗಲಿಲ್ಲ.

“ಅಣ್ಣಾ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀವು ನಗಿಸ್ತೀರ. ಊರೆಲ್ಲ ನಗ್ತದೆ. ನಕ್ಕು ಎಲ್ಲಾರೂ ಅವರವರ ಮನೆಗೆ ಹೋಗ್ತಾರೆ. ಆಮೇಲೆ ಆ ರೋಡಲ್ಲಿ ಒಬ್ಬನೇ ಗಾಡಿ ಓಡಿಸ್ಕೊಂಡು ಬರೋನು ನಾನು.”

ಷಡ್ಡಕನ ಬಾಯಲ್ಲಿ ಉತ್ತರ ಬರದೇ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎಷ್ಟು ವರ್ಷದಿಂದ ಕಾಯುತ್ತಿದ್ದೆ ಅಂಥದ್ದಕ್ಕೆ! ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಮುಂದಿನ ಭಾನುವಾರ ಡೈರಿ ಮುಗಿಸಿ ಸೀದಾ ಬಂದವನು ಬಾಷಾನ ಸ್ಟಾಲಿನ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಅದರ ಮುಂದಿನ ಭಾನುವಾರವೂ ಕೂತ. ಸಾಯುವವರೆಗೂ ಒಂದು ಭಾನುವಾರ ಬಿಡಲಿಲ್ಲ. ಗಿರಾಕಿ ಅಲ್ಲ, ಪಾಲುದಾರ ಅಲ್ಲ, ಸುಮ್ಮನೆ ಕೂರೋನು. ಬೈಕಿನಲ್ಲಿ ಗುರಾಯಿಸುತ್ತ ಹೋಗುವ ಹುಡುಗರನ್ನೆಲ್ಲ ಅಪ್ಪನ ಹೆಸರು ಹಿಡಿದು ಕರೆಯೋನು. “ಏನ್ಲಾ ಮುನಿಯಪ್ಪನ ಮಗನೇ, ನಿಮ್ಮಪ್ಪ ಹಾಲಿಗೆ ನೀರು ಹಾಕ್ತಿದ್ದ, ನೀನು ಊರಿಗೆ ಬೆಂಕಿ ಹಾಕ್ತಿದೀಯಾ? ನಿಮ್ಮಪ್ಪನೇ ವಾಸಿ ಕಣೋ, ಹೋಗು.” ಹೆಸರು ಹಿಡಿದು ಕರೆಸಿಕೊಂಡವನಿಗೆ ಮುಖಕ್ಕೆ ಬಟ್ಟೆ ಕಟ್ಟಿ ಏನು ಪ್ರಯೋಜನ? ಸಂಜೆ ಬಾಷಾ ಶಟರ್ ಎಳೆದ ಮೇಲೆ ಅವನ ಗಾಡಿಯ ಹಿಂದೆಯೇ ತನ್ನ ಸ್ಕೂಟರ್ ಬಿಟ್ಟುಕೊಂಡು ಮನೆ ಮುಟ್ಟಿಸಿ ಹೋಗೋನು. ಒಂದು ಸಲ ತಡೆಯಲಾರದೆ ಕೇಳಿದೆ, “ಈ ವಯಸ್ಸಲ್ಲಿ ನೀನು ಯಾರಿಗೆ ಹೊಡೀತೀಯ ಭಾವ?” “ನಾನು ಹೊಡೆಯಲ್ಲಪ್ಪ. ಹೊಡೆಸ್ಕೊಳ್ಳೋಕೆ ಇಬ್ಬರಾದ್ರೆ ಏಟು ಅರ್ಧರ್ಧ” ಅಂದ. ಆ ಮಾತು ತಮಾಷೆಯೋ ಅಲ್ಲವೋ ನನಗೆ ತಿಳಿಯಲಿಲ್ಲ.

ಆದರೆ ಊರು? ಅಷ್ಟು ನಕ್ಕ ಊರು ಮುಂದಿನ ವರ್ಷ ಬಾಷಾನನ್ನು ಕರೆಯಲಿಲ್ಲ. ಯಾಕಪ್ಪ ಗಲಾಟೆ ಅಂದರು. ಅದರ ಮುಂದಿನ ವರ್ಷವೂ ಯಾಕಪ್ಪ ಗಲಾಟೆ. ಮಂಜ ತೋರಿಸಿದ ಅಂಗಡಿಯಿಂದ ಮಾಂಸ ತಂದು ಹಂಚಿಕೊಂಡರು. ಇವನೊಬ್ಬ ಚೀಟಿ ಬಿಟ್ಟ. ಬಾಷಾನನ್ನು ಇನ್ನೊಂದು ಸಲ ಊರಿಗೆ ಕರೆಸಬೇಕು ಅಂತ ಡೈರಿಯಲ್ಲಿ ದಿನಾ ಕುಟುಕಿದ, ರೇಗಿಸಿದ, ಕೊನೆಕೊನೆಗೆ ಕೈಮುಗಿದು ಬೇಡಿಕೊಂಡ. ಜನ ನಗುತ್ತಲೇ ಚೊಂಬು ತಗೊಂಡು ಹೋದರು. ಮಂಜನಿಗಿಂತ ನನಗೆ ಆ ನಗುವವರ ಮೇಲೆ ಸಿಟ್ಟು ಜಾಸ್ತಿ. ಹಾಗೇ ಇರುವಾಗ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಮಲಗಿದವನು ಏಳಲಿಲ್ಲ.

ಹನ್ನೊಂದನೇ ದಿನಕ್ಕೆ ತಿಥಿ. ನಮ್ಮಲ್ಲಿ ತಿಥಿಗೆ ಬಾಡೂಟ ಹಾಕದಿದ್ದರೆ ಸತ್ತವನಿಗೆ ಮಾಡಿದ ಅವಮಾನ. ಮಂಜ ಹಿಂಬಾಲಕರನ್ನು ಕಟ್ಟಿಕೊಂಡು ಮನೆಗೇ ಬಂದ. “ಅಣ್ಣನ ತಿಥಿ ಕುರಿ ನಮ್ದೇ ಅಕ್ಕ. ಕುಯ್ಯೋಕೂ ನಮ್ಮೋರೇ ಬರ್ತಾರೆ, ನೀವೇನೂ ಯೋಚನೆ ಮಾಡ್ಬೇಡಿ” ಅಂದ. ಜಯಕ್ಕ, ಅಂದರೆ ನನ್ನ ಷಡ್ಡಕನ ಹೆಂಡತಿ, ಗಂಡನ ಒಂದು ತಮಾಷೆಗೂ ಜೀವಮಾನದಲ್ಲಿ ನಕ್ಕವಳಲ್ಲ. ಈ ನಾಲಿಗೆ ನನ್ನ ಮನೆ ತೆಗೆಯುತ್ತೆ ಅಂತ ಶಪಿಸಿಕೊಂಡೇ ಬಾಳಿದವಳು. ಗೋಡೆಗೊರಗಿ ಕೂತಿದ್ದವಳು ಶಾಂತವಾಗಿ, “ಕುರಿ ಬೇಡಪ್ಪ, ನಾವೇ ನೋಡ್ಕೋತೀವಿ. ಊಟಕ್ಕೆ ಎಲ್ಲಾರೂ ಬನ್ನಿ” ಅಂದಳು. ಅವರು ಹೋದ ಮೇಲೆ ನನ್ನನ್ನು ಒಳಗೆ ಕರೆದಳು. “ಸಂತೆಯಿಂದ ಸೊಪ್ಪು ತಗೊಂಬಾ. ದಂಟು, ಕೀರೆ, ಏನ್ ಸಿಕ್ಕಿದ್ರೆ ಅದು. ಮೂಟೆಗಟ್ಲೆ ತಾ. ಬಾಷಾಗೂ ಹೇಳಿ ಬಾ.”

“ತಿಥಿಗೆ ಸೊಪ್ಪಿನ ಸಾರಾ ಅಕ್ಕ? ಊರು ಉಗಿಯುತ್ತೆ!”

“ಉಗೀಲಿ. ಊರಿಗೆ ಕುಯ್ಯೋನು ಅವನೊಬ್ಬನೇ. ಅವನನ್ನ ಓಡ್ಸಿದ್ರಲ್ಲ.”

“ಹಂಗಾದ್ರೆ ಅವನನ್ನೇ ಕುಯ್ಯೋಕೆ ಕರೀತೀನಿ.”

“ಕುಯ್ಯೋಕೆ ಬೇಡ. ಉಣ್ಣೋಕೆ ಕರಿ.”

ತಿಥಿಯ ದಿನ ಪೆಂಡಾಲಿನ ತುಂಬ ಜನ. ಎಲೆಗೆ ಮುದ್ದೆ ಬಿತ್ತು, ಅದರ ಪಕ್ಕ ಹಸಿರು ಸಾರು ಬಿತ್ತು. ಎಲ್ಲರೂ ಬಾಡು ಬರುತ್ತೆ ಅಂತ ಕಾದರು. ಬರಲಿಲ್ಲ. ಗುಸುಗುಸು ಶುರುವಾಯಿತು. ಪಂಕ್ತಿಯ ಕೊನೆಯ ಕಡೆ ಬಾಷಾ ತಲೆ ತಗ್ಗಿಸಿ ಕೂತಿದ್ದ. ಅವನ ಎರಡೂ ಪಕ್ಕದ ಎಲೆಗಳ ಮುಂದೆ ಯಾರೂ ಇಲ್ಲ. ಮಂಜ ಅವನನ್ನು ನೋಡಿದ, ಎಲೆ ನೋಡಿದ, ಗಟ್ಟಿಯಾಗಿ ಕೇಳಿದ. “ಏನಕ್ಕ ಇದು?”

ಜಯಕ್ಕ ಸೌಟು ಹಿಡಿದು ಪಂಕ್ತಿಯ ನಡುವೆ ಬಂದಳು. “ಸೊಪ್ಪು ಕಣಪ್ಪ. ಧೈರ್ಯವಾಗಿ ಉಣ್ಣು, ಒಂದೇ ಏಟಿಗೇ ಕುಯ್ದಿದೀನಿ.”

ಮೊದಲು ಕಿಸಕ್ಕನೆ ನಕ್ಕವಳು ಕೆಂಪಜ್ಜಿ. ಆಮೇಲೆ ಇಡೀ ಪೆಂಡಾಲು. ಮಂಜ ಎದ್ದ. ಅವನ ಜೊತೆ ಇನ್ನೊಂದಷ್ಟು ಜನ ಎಲೆ ಬಿಟ್ಟು ಎದ್ದು ಹೋದರು. ಉಳಿದವರು ನಗುತ್ತ ನಗುತ್ತ ಕೂತು ಉಂಡರು. ನಗುವುದರಲ್ಲಿ ನಮ್ಮವರು ಯಾವತ್ತೂ ಹಿಂದೆ ಬಿದ್ದವರಲ್ಲ. ಬಾಷಾನ ಅಕ್ಕಪಕ್ಕದ ಎಲೆಗಳು ಮಾತ್ರ ಖಾಲಿಯಾಗಿಯೇ ಇದ್ದವು. ಕೆಂಪಜ್ಜಿಯೂ ಬರಲಿಲ್ಲ.

ನಾನು ಬಡಿಸುತ್ತಿದ್ದ ಬಕೆಟ್ ಕೆಳಗಿಟ್ಟು ಹೋಗಿ ಅವನ ಪಕ್ಕ ಕೂತೆ. ಬಾಷಾ ಇನ್ನೂ ಮುದ್ದೆ ಮುಟ್ಟಿರಲಿಲ್ಲ. “ಉಣ್ಣೋ, ಆರಿಹೋಗ್ತದೆ” ಅಂತ ಗದರಿದೆ. ಮೂರು ತಲೆಮಾರು ಆ ಊರಿಗೆ ದುಡಿದ ಮನೆತನದವನೊಬ್ಬ ಎಲೆಯ ಮುಂದೆ ಕೂರಲು ಆ ಊರಿನಲ್ಲಿ ಒಬ್ಬ ಸಾಯಬೇಕಾಯಿತು. ಆ ಊರನ್ನು ನಾನು ಕ್ಷಮಿಸುವುದಿಲ್ಲ.